ಪುಟ ನಾನೂರ ಹನ್ನೆರಡು

ರಾತ್ರಿ ಹನ್ನೊಂದಕ್ಕೆ ಯಂತ್ರ ಹುಡುಕಿ ಕೊಟ್ಟ ತೀರ್ಪು
ತುಳಸಾಬಾಯಿ ಹಬೀಬರ ಗೋಡೆಗೆ ಹೇಳಿ ಮಾಡಿಸಿದಂತಿತ್ತು:
ಅಂಥದೇ ಮಗ್ಗದ ಮನೆ, ಅಂಥದೇ ನಡುಗೋಡೆ,
ಸಂಪುಟ, ಇಸವಿ, ಪುಟ ನಾನೂರ ಹನ್ನೆರಡು.
ಆಗಲೇ ಬೆಟಗೇರಿಗೆ ಫೋನು ಮಾಡಿಬಿಟ್ಟೆ.

ಆಕೆಯ ಹೆಸರು ಅದಕ್ಕೆ ಹೇಳಿರಲಿಲ್ಲ.
ಬಾಗಿಲು ಮುಂದೆ ಮಾಡಿ ಆಕೆ ಹೇಳಿದ್ದನ್ನಂತೂ
ಇಲ್ಲವೇ ಇಲ್ಲ. ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದೆ.

ಬೆಳಿಗ್ಗೆ ಗದಗ ಕೋರ್ಟಿನ ಲೈಬ್ರರಿ.
ಸಂಪುಟ ಇತ್ತು. ತೆರೆದರೆ
ನಾನೂರರಿಂದ ನಾನೂರಿಪ್ಪತ್ತರವರೆಗೆ
ಗೆದ್ದಲು ಮೇಯ್ದು ಕಿಂಡಿ ಕೊರೆದಿತ್ತು.
ನಿಜ ಹೇಳುತ್ತೇನೆ, ಒಂದು ಗಳಿಗೆ ಖುಷಿಯಾಯಿತು.
ಇದ್ದಿರಲೂಬಹುದಲ್ಲ. ಇರಲಿಲ್ಲವೆಂದು ಯಾರು ಹೇಳಬೇಕು?

ಮೋದಿನಸಾಬರು ಮಣ್ಣು ಊದಿ
ಮೊದಲ ಹಾಳೆಯ ಪರಿವಿಡಿಗೆ ಬೆರಳಿಟ್ಟರು:
"ಈ ಹೆಸರ ಇಲ್ರೀ ವಕೀಲ್ರ.
ನಾನೂರಾ ಹನ್ನೆರಡಕ್ಕ ಎಮ್ಮಿ ಕಟ್ಟೂ ಜಾಗದ ತಕರಾರು.
ಗೆದ್ದಲಾ ಇದ್ದದ್ದನ್ನ ತಿಂತೈತಿ,
ಇಲ್ಲದ್ದನ್ನ ಬರಿಯೂದಿಲ್ಲ."

ಹೊಡೆದು ಹಾಕಿದೆ. ಒಂದೂವರೆ ಪುಟ ವಾದ ಹೋಯಿತು.
ತಾರೀಖುಗಳ ಪಟ್ಟಿ ಉಳಿಸಿಕೊಂಡೆ, ಅದೂ ಯಂತ್ರದ್ದೇ,
ಖರೀದಿಪತ್ರ, ಉತಾರ ಎದುರಿಟ್ಟು ಒಂದೊಂದೂ ತಾಳೆ ನೋಡಿ.
ಎರಡು ತಪ್ಪಿದ್ದವು.

ಮಧ್ಯಾಹ್ನ ತುಳಸಾಬಾಯಿ ಬಂದರು,
ಸೆರಗಿನಲ್ಲಿ ನೂಲಿನ ಎಳೆ.
"ರಾತ್ರಿ ಫೋನಿನ್ಯಾಗ, ಗೆದ್ದಂಗ ಅಂದ್ರೆಲ್ರೀ?"

ಸಹಿ ಮಾಡುವ ಜಾಗದಲ್ಲಿ
ನನ್ನೊಬ್ಬನದೇ ಹೆಸರು.
ಪೆನ್ನಿನ ಮುಚ್ಚಳ ಮತ್ತೆ ಹಾಕಿದೆ.
"ತಪ್ಪಿ ಅಂದೆ," ಅಂದೆ. "ಕೂಡ್ರಿ.
ಗೋಡಿ ಮೊದಲ ಯಾರು ಎಬ್ಬಿಸಿದ್ರು,
ಇನ್ನೊಮ್ಮೆ ಹೇಳ್ರಿ."