ಒಂದು ನೂಲು

ಅಪ್ಪ ಕರಣೆ ಬಚ್ಚಿಟ್ಟದ್ದು ಅಕ್ಕಿಡಬ್ಬದ ಹಿಂದೆ.
ನನಗೆ ಗೊತ್ತಿತ್ತು.
ಮುಟ್ಟಿದರೆ ಮುರಿದು ಹಾಕುತ್ತೇನೆ ಅನ್ನುತ್ತಿದ್ದ,
ಕರಣೆಯನ್ನೋ ಕೈಯನ್ನೋ ಹೇಳಲಿಲ್ಲ.
ಬಜ್ಪೆಯಿಂದ ಬೋಂದೆಲಿನ ತನಕ
ಅವನು ಕಟ್ಟಿದ ಮುರಕಲ್ಲಿನ ಗೋಡೆಗಳು;
ನನ್ನ ಕಾಲೇಜಿನ ಫೀಸು
ಅವುಗಳ ಸಂದಿನಲ್ಲೆಲ್ಲೋ ಇತ್ತು.

ಬಿ.ಕಾಂ. ಆಯಿತು. ಆಮೇಲೆ ಎರಡು ವರ್ಷ
ಹಂಪನಕಟ್ಟೆಯ ಮೊಬೈಲ್ ಅಂಗಡಿ.
ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಎಸಿ,
ತಿಂಗಳಿಗೆ ಹನ್ನೊಂದು ಸಾವಿರ.
ಮದುವೆಮನೆಗಳಲ್ಲಿ ಅಮ್ಮ ತಲೆಯೆತ್ತಿ ಹೇಳುತ್ತಿದ್ದಳು:
ಟೌನಿನಲ್ಲಿದ್ದಾನೆ.

ಈಗ ಕೊಟ್ಟಾರದಲ್ಲಿ, ಹದಿನಾಲ್ಕನೇ ಮಾಳಿಗೆ,
ಸಾರಣೆ. ದಿನಕ್ಕೆ ಸಾವಿರದ ನೂರು.
ಅಪ್ಪನ ಕೆಲಸವನ್ನು ನನಗೆ ಕಲಿಸಿದ್ದು
ಮುರ್ಶಿದಾಬಾದಿನ ರಬಿಉಲ್, ಹಿಂದಿಯಲ್ಲಿ.
ಮಣಿಕಟ್ಟು ಸಡಿಲ ಬಿಡು, ಅನ್ನುತ್ತಾನೆ,
ಗಾರೆಯನ್ನು ಮೆತ್ತಬೇಡ, ಎಸೆ.
ನನಗಿಂತ ಎರಡು ವರ್ಷ ಚಿಕ್ಕವನು.
ಊಟದ ಹೊತ್ತಿಗೆ ಒಮ್ಮೆ ಕೇಳಿದ,
ನಿಮ್ಮೂರ ಹುಡುಗರೆಲ್ಲ ಎಲ್ಲಿ?
ದುಬೈಯಲ್ಲಿ, ಅಂದೆ.
ಅಲ್ಲೇನು ಮಾಡುತ್ತಾರೆ?
ಇದನ್ನೇ, ಅಂದೆ.

ಐದೂವರೆಗೆ ಡ್ರಮ್ಮಿನ ನೀರಲ್ಲಿ ಮೊಣಕೈ ತನಕ ತೊಳೆದು
ಅದೇ ಇಸ್ತ್ರಿ ಅಂಗಿ ತೊಟ್ಟು ಬಜ್ಪೆ ಬಸ್ಸು ಹತ್ತುತ್ತೇನೆ,
ಉಗುರುಗಳನ್ನು ಮುಷ್ಟಿಯೊಳಗಿಟ್ಟುಕೊಂಡು.
ಚಿಲ್ಲರೆಗೆ ಕೈ ಚಾಚಲೇಬೇಕಲ್ಲ.
ಕಂಡಕ್ಟರ್ ಪ್ರದ್ಯುಮ್ನ ನೋಡಿದ. ನನ್ನದೇ ಕ್ಲಾಸು, ಕೊನೆಯ ಬೆಂಚು.
ನಾಣ್ಯ ಎಣಿಸಿ ಕೊಟ್ಟು
ಮುಂದಿನ ಸೀಟಿಗೆ ಹೋದ.

ಅಮ್ಮ ಈಗ ಹೇಳುವುದು: ಸೈಟಿನಲ್ಲಿದ್ದಾನೆ.
ಕೇಳಿದವರು ಇಂಜಿನಿಯರ್ ಎಂದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು
ಚಾ ತರಲು ಒಳಗೆ ಹೋಗುತ್ತಾಳೆ.

ಕಳೆದ ಆದಿತ್ಯವಾರ ಓವರ್‌ಟೈಮ್.
ಹೇಳದೆ ಕೇಳದೆ ಅಪ್ಪ ಬಂದ.
ಲಿಫ್ಟು ಇನ್ನೂ ಕೂತಿಲ್ಲ, ಅಷ್ಟೂ ಮೆಟ್ಟಿಲು ಹತ್ತಿ
ಏದುಸಿರಿನಲ್ಲೇ ನನ್ನ ಹಿಂದಿನ ವಾರದ ಗೋಡೆಯ ಮೇಲೆ
ಅಂಗೈಯಿಟ್ಟ,
ಮಗುವಿನ ಜ್ವರ ನೋಡುವ ಹಾಗೆ.
ಜೇಬಿನಿಂದ ತೂಗುಗುಂಡು ತೆಗೆದ.
ದಾರ ಅಲುಗುವುದು ನಿಲ್ಲುವ ತನಕ
ಮೂವರೂ ಮಾತಾಡಲಿಲ್ಲ.

ಏರ್ ಕಲ್ಪಾಯಿನಿ?
ಯಾನ್, ಅಂದ ರಬಿಉಲ್,
ಕಂಪೌಂಡಿನ ಆಚೆಯ ಗೂಡಂಗಡಿಯಲ್ಲಿ ಕಲಿತ ತುಳುವಿನಲ್ಲಿ.

ಅಪ್ಪ ದಾರ ಸುತ್ತಿಕೊಂಡ.
ಮೂಲೆ ಒಂದು ನೂಲು ಹೊರಗಿದೆ, ಅಂದ.
ಇಬ್ಬರಲ್ಲಿ ಯಾರಿಗೆ ಹೇಳಿದನೋ.
ಇಳಿಯುವ ಚಪ್ಪಲಿಯ ಸದ್ದು
ಒಂಬತ್ತನೇ ಮಾಳಿಗೆಯ ತನಕ ಕೇಳಿಸಿತು.

ರಬಿಉಲ್ ಮಟ್ಟಗೋಲನ್ನು ಮೂಲೆಗೆ ಒರಗಿಸಿ
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.
ಆಮೇಲೆ ಕೇಳಿದ,
ನೂಲು ಅಂದರೆ ಎಷ್ಟು?