ಅರವತ್ನಾಕು ಎಳಿ

ಬೆಟಗೇರಿ ಅಂಗಡ್ಯಾಗ, ನನ್ನ ಮೇಜಿನ ಮ್ಯಾಲ
ರಾಜೇಸಾಬ ಗುಜರಿ ಚೀಲ ಬೋರಲು ಮಾಡಿದ.
ಬೂದಿಬಣ್ಣದ ಡಬ್ಬಿ, ಎರಡು ಅಂಗೈ ಅಗಲ,
ಎಂಟು ದೀಪ, ಮೂರು ಗುಂಡಿ,
ಬಾಲದಂಗ ಒಂದು ಚಪ್ಪಟಿ ವಾಯರು.
ಹೆಸರಿನ ಪಟ್ಟಿ ಯಾರೋ ಕಿತ್ತಾರ, ಗೋಂದಿನ ಕಲಿ ಉಳದೈತಿ.

ಟೆಲಿಫೋನ್ ಆಫೀಸಿಂದು ಅಂದ ಒಬ್ಬ.
ದವಾಖಾನಿದು, ಎದಿಬಡಿತ ಬರಿಯೂದು, ಅಂದ ಇನ್ನೊಬ್ಬ.
ತಾಮ್ರ ಎಷ್ಟು ಬರತೈತಿ ಅಂದ ರಾಜೇಸಾಬ.

ನಾ ಬಾಲದ ತುದಿ ನೋಡಿದೆ.
ಅಲ್ಲಿ ಕಾಲು. ಎರಡು ಸಾಲು ಸಣ್ಣ ಕಾಲು,
ಚಿಪ್ಪಿಗೆ ಇದ್ದಂಗ. ಮ್ಯಾಲ ಚಿಪ್ ಮಾತ್ರ ಇಲ್ಲ.

ಪವರ್‌ಲೂಮಿನ ಮೋಟರು ರಿಪೇರಿಗೆ ತಂದಿದ್ದ ಅಂಬೂಬಾಯಿ
ಚಾಳೀಸು ಏರಿಸಿ ವಾಯರು ಹಿಡದಳು,
ಹಾಸು ಎಣಿಸಿದಂಗ ಎಣಿಸಿದಳು, ತುಟಿ ಅಲುಗಸ್ಕೋತ.
"ಅರವತ್ನಾಕು ಎಳಿ. ಕಡೀದು ಕೆಂಪು.
ದಡಿ ಯಾವ ಕಡೆ ಅಂತ ಗುರ್ತಿಗೆ ಬಿಟ್ಟಾರ."
ಹೌದು. ಕೆಂಪು ಇದ್ದಲ್ಲೆ ಒಂದನೇ ಕಾಲು.
ಆಕಿ ಇಂಥಾದ್ದು ಎಂದೂ ಕಂಡಾಕಿ ಅಲ್ಲ.

ಅರವತ್ನಾಕು ಅಂದ ಕೂಡಲೆ ನನಗ ಹೊಳೀತು:
ಹಳೆ ಆಟದ ಬೋರ್ಡಿನ ನಡಬರಕ ಕೂಡೂ ದೊಡ್ಡ ಚಿಪ್,
ಅದಕ್ಕೂ ಅಷ್ಟ ಕಾಲು.
ಅದನ್ನ ಕಿತ್ತು ಅದರ ಜಾಗಾದಾಗ ಇದನ್ನ ಕೂಡಸ್ತಿದ್ರು.
ಆಟಕ್ಕ ಗೊತ್ತಾಗೂದಿಲ್ಲ,
ಮಿದುಳು ತಂದ ಅಂತ ತಿಳದು ಆಡ್ತಿರತೈತಿ.
ಇದು ಒಳಗ ಕುಂತು ಲೆಕ್ಕ ನೋಡ್ತೈತಿ,
ಜಿಗದವನ್ನ ನಡು ಗಾಳ್ಯಾಗ ಹಿಡದು
ಎಲ್ಲಿ ತಪ್ಪಿದೆಪಾ ಅಂತ ಕೇಳ್ತೈತಿ.

ಮುಚ್ಚಳ ಬಿಚ್ಚಿದರ ಮಡಚಿಟ್ಟ ಚೌಕಳಿ ಕಾಗದ.
ಅಡ್ಡ ಹದಿನಾರು ಮನಿ, ಉದ್ದ ಹದಿನಾರು,
ಪೆನ್ಸಿಲ್ ತುಂಬಿದ್ದು ಕೆಲವು, ಬಿಟ್ಟದ್ದು ಕೆಲವು.
"ಬುಟ್ಟಾ" ಅಂದಳು ಅಂಬೂಬಾಯಿ.
ತಿರುವಿ ಹಿಡದಳು. "ಅಲ್ಲ, ಮನಿಶ್ಯಾ. ಟೊಪಗಿ ಐತಿ.
ಎಡಗಾಲು ನೆಲದಾಗ ಹುಗದೈತಿ ನೋಡ."
ಆ ಕಾಲಿನ ಸುತ್ತ ಕೆಂಪು ಗೆರಿ,
ಬಾಜೂಕ ನಮಗಿಬ್ಬರಿಗೂ ಬಾರದ ಲಿಪಿ,
ಕಾಗದ ಹರಿಯೂವಂಗ ಒತ್ತಿ ಬರದದ್ದು.

ಗುಂಡಿ ಮೂರು.
ಓಡು ಅನ್ನೂದರ ಅಕ್ಷರ ಇನ್ನೂ ಹೊಸಾವು.
ನಿಲ್ಲು ಅನ್ನೂದು ಅರ್ಧ ಮಾಸೇತಿ.
ಮೂರನೇದರ ಮ್ಯಾಲ ಅಕ್ಷರನ ಇಲ್ಲ, ಸವದು ತೆಗ್ಗಾಗೈತಿ.
ಒಂದೊಂದ ಹೆಜ್ಜಿ ನಡಸೂ ಗುಂಡಿ ಅದು,
ಅಕ್ಷರ ಇಲ್ಲದ್ದಕ್ಕ ಗೊತ್ತಾತು.
ಅಂಬೂಬಾಯಿ ಹೆಬ್ಬೆರಳು ಇಟ್ಟಳು. ಸರಿಯಾಗಿ ಕುಂತಿತು.
"ಎಳಿ ಎಲ್ಲಿ ಹರೀತು ಅಂತ ಹುಡುಕೂ ಮಂದಿ" ಅಂದಳು.

ಕಿಲೋಕ್ಕ ನಲವತ್ತು. ತೂಗಿದಿವಿ, ಎರಡೂವರಿ.
ನೂರು ಎಣಿಸಿ ರಾಜೇಸಾಬನ ಕೈಗೆ ಕೊಡೂ ಮುಂದ
ಆಕಿ ಇನ್ನೂ ಆ ಕಾಗದ ಬೆಳಕಿಗೆ ಹಿಡದಿದ್ದಳು:
"ಒಂದ ಮನಿ ಮ್ಯಾಲ ತಗೊಂಡ್ರ ಕಾಲು ಹೊರಗ ಬರತೈತಿ.
ಇಷ್ಟಕ್ಕ ಇವಂಗ ನಿದ್ದಿ ಇದ್ದಿಲ್ಲೇನು?"