ನೀರಗಂಟಿಯ ಹೇಳಿಕೆ

ಬರೆದುಕೊಳ್ಳಿ ಸಾಹೇಬರೇ.
ಹೆಸರು ಹೊಲ್‌ನಜರ್, ಊರು ಚಿನೊರ್‌ಬೊಗ್,
ಜಾತಿಯಲ್ಲಿ ತಾಜಿಕ, ಕೆಲಸ ನೀರು ಹಂಚುವುದು.
ನಮ್ಮಲ್ಲಿ ಮೀರಾಬ್ ಅನ್ನುತ್ತಾರೆ.
ಆಚೆ ದಡದವರೂ ಹಾಗೇ ಅನ್ನುತ್ತಾರೆ,
ಅಷ್ಟರಲ್ಲಿ ತಕರಾರಿಲ್ಲ.

ಮೇಜಿನ ಮೇಲೆ ಹರಡಿದ್ದೀರಲ್ಲ, ಆ ಎರಡು ನಕ್ಷೆ,
ಒಂದರಲ್ಲಿ ಕಾಲುವೆಯ ತಲೆ ನಮ್ಮದು
ಇನ್ನೊಂದರಲ್ಲಿ ಅವರದು.
ಯಾವುದು ಸುಳ್ಳು ಅಂತ ಕೇಳುತ್ತೀರಿ.
ಎರಡೂ ನಿಜ. ತೊಂದರೆ ಅದೇ.

ಮೊದಲನೆಯವನು ಬಂದದ್ದು ಜರ್ದಾಳು ಹಣ್ಣಾದಾಗ.
ಮುಕ್ಕಾಲಿನ ಮೇಲೆ ದುರ್ಬೀನು, ಕತ್ತೆಯ ಬೆನ್ನಿಗೆ ಸರಪಳಿ,
ಬಿಸಿಲಿಗೆ ಸುಲಿದ ಮೂಗು.
ನನ್ನ ಅಜ್ಜ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು
ಅವನು ಬೆರಳು ಮಾಡಿದಲ್ಲೆಲ್ಲ ಹೋಗಿ ನಿಂತ.
ದಿನಕ್ಕೆ ಎರಡು ನಾನ್ ಕೂಲಿ.
"ಇಲ್ಲಿ ಯಾರಿದ್ದಾರೆ?"
ಅಜ್ಜ ಸುತ್ತ ನೋಡಿದ.
ಮಾಳಿಗೆಗಳ ಮೇಲೆ ಹಣ್ಣು ಸೀಳಿ ಹರಡುತ್ತಿದ್ದ
ನಮ್ಮ ಹೆಂಗಸರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ.
"ನಾವಿದ್ದೇವೆ" ಅಂದ.
ಕಿರ್ಗಿಜರು ಆಗ ಮೇಲೆ, ಹಿಮ ಬಿಟ್ಟುಕೊಟ್ಟ ಹುಲ್ಲಿನಲ್ಲಿ,
ಕುರಿ ಕುದುರೆ ಕೂಸು ಕಂಬಳಿಮನೆ ಸಮೇತ.
ಅವರು ಇಳಿದು ಬರುತ್ತಾರೆ ಅಂತ ಅಜ್ಜ ಹೇಳಲಿಲ್ಲ.
ಚಳಿಗಾಲ ಬರುತ್ತದೆ ಅಂತ
ಯಾರಾದರೂ ಯಾರಿಗಾದರೂ ಹೇಳುವುದುಂಟೇ?

ಎರಡನೆಯವನು ಬಂದಾಗ ಮೊಣಕಾಲುದ್ದ ಹಿಮ.
ನಡುವೆ ಮೂವತ್ತು ವರ್ಷ, ಒಂದು ಯುದ್ಧ,
ಅಜ್ಜನ ಕೈಗೆ ನಡುಕ.
ಕೋಲು ಹಿಡಿದವನು ಈ ಸಲ ತುರ್ದುಬೈ, ಆಚೆಯವನು,
ಅಮ್ಮ ತೀರಿಕೊಂಡ ವರ್ಷ ನನ್ನ ಅಪ್ಪನ ಜೊತೆ
ಒಂದೇ ಮೇಕೆಯ ಹಾಲಿನಲ್ಲಿ ಬೆಳೆದವನು.
ಅದೇ ಪ್ರಶ್ನೆ. ಇಲ್ಲಿ ಯಾರಿದ್ದಾರೆ?
ಕಾಲುವೆಯುದ್ದಕ್ಕೂ ಅವರ ಒಲೆಗಳ ಹೊಗೆ.
ನಮ್ಮ ಮರದ ಬುಡಗಳಲ್ಲಿ ಅವರ ಕುರಿ ಮಂದೆ,
ಆ ಗೊಬ್ಬರಕ್ಕಾಗಿಯೇ ನಾವು
ವರ್ಷಕ್ಕೆ ಏಳು ಮೂಟೆ ಒಣಹಣ್ಣು ಅಳೆದು ಕೊಡುತ್ತಿದ್ದದ್ದು.
ನಮ್ಮವರು ಒಳಗೆ, ಕೆಂಡದ ಗುಂಡಿಗೆ ಕಾಲು ಚಾಚಿ
ರಜಾಯಿ ಹೊದ್ದಿದ್ದರು. ಕದ ತೆಗೆಯಲಿಲ್ಲ.
"ನಾವಿದ್ದೇವೆ" ಅಂದ ತುರ್ದುಬೈ.

ಹೀಗೆ ಬೇಸಿಗೆಯದೊಂದು ಗೆರೆ, ಚಳಿಯದೊಂದು.
ದೂರದ ಯಾವುದೋ ಕಚೇರಿಯಲ್ಲಿ
ಒಂದರ ಮೇಲೊಂದು ಮಲಗಿದ್ದವು.
ಒಂದೇ ದೇಶವಾಗಿದ್ದಾಗ ಯಾರಿಗೆ ಬೇಕಿತ್ತು?
ನನ್ನ ಮದುವೆಯ ದಿಬ್ಬಣ ಎರಡನ್ನೂ ಮೂರು ಸಲ ದಾಟಿದೆ,
ತಮಟೆಯವನು ಕುಡಿದು ದಾರಿ ತಪ್ಪಿದ್ದಕ್ಕೆ.
ಆಮೇಲೆ ದೇಶ ಎರಡಾಯಿತು,
ಬೀರುವಿನಿಂದ ಗೆರೆಗಳು ಎದ್ದು ಬಂದವು,
ಒಂದಕ್ಕೊಂದು ಸಮವಸ್ತ್ರ.
ಯಾರಿದ್ದಾರೆ ಅನ್ನುವುದಕ್ಕೂ ಯಾರದು ಅನ್ನುವುದಕ್ಕೂ
ಎಷ್ಟು ದೂರ ಸಾಹೇಬರೇ?
ನನ್ನ ಸಲಿಕೆಯಿಂದ ಅಳೆದಿದ್ದೇನೆ. ನಾನೂರ ಹನ್ನೆರಡು ಹಿಡಿ.
ಕಳೆದ ವಸಂತದಲ್ಲಿ ಅಷ್ಟರೊಳಗೇ
ನಮ್ಮ ಒಬ್ಬ ಹುಡುಗ, ಅವರ ಇಬ್ಬರು.

ತೂಬಿಗೆ ಈಗ ಎರಡು ಬೀಗ.
ಒಂದರ ಕೀಲಿ ನನ್ನ ಸೊಂಟದಲ್ಲಿ,
ಇನ್ನೊಂದು ಬುರುಲ್ಚಾ ಹತ್ತಿರ, ತುರ್ದುಬೈ ಮಗಳು.
ರಾತ್ರಿ ನಾನು ಎರಡು ಸಲ ಕೆಮ್ಮುತ್ತೇನೆ,
ಅವಳು ಬಕೆಟ್ಟು ಬಡಿಯುತ್ತಾಳೆ,
ಇದನ್ನು ಬರೆದುಕೊಳ್ಳಬೇಡಿ.
ಬರೆದಿದ್ದರೆ ಹೊಡೆದುಹಾಕಿ.

ನೀವು ಬಂದಿರುವುದು ಹಣ್ಣಿಗೂ ಅಲ್ಲ ಹಿಮಕ್ಕೂ ಅಲ್ಲ.
ಅವರು ಮೇಲೆ ಹೋಗಲು ಗಂಟು ಕಟ್ಟುತ್ತಿದ್ದಾರೆ,
ನಾವು ಮರಗಳಿಗೆ ಸುಣ್ಣ ಬಳಿಯುತ್ತಿದ್ದೇವೆ.
ಈ ವಾರ ಇಬ್ಬರೂ ಇದ್ದೇವೆ.
ಕೇಳುವುದಿದ್ದರೆ ಈಗ ಕೇಳಿ,
ಕೋಲು ಹಿಡಿದವನನ್ನು ಒಬ್ಬನನ್ನೇ ಅಲ್ಲ.

ಎಲ್ಲಿ ಸಹಿ? ಇಲ್ಲಿಯೇ?
ಪಾಪ್ಲರ್ ಮರದ ನೆರಳು ಮೂರನೇ ಕಲ್ಲಿಗೆ ಬಂತು.
ನಾನು ಹೊರಡುತ್ತೇನೆ.
ಅವರ ಸರದಿ, ನೀರು ಬಿಡಬೇಕು.